ಎಳೆಯದ ಕೆಂಪು ಕಾರು

1986ರ ನವೆಂಬರ್ 12, ಬುಧವಾರ. ಬೆಳಿಗ್ಗೆ ಹತ್ತೂವರೆಗೆ ಕಂಪ್ಲಿಯ ಗವಿಸಿದ್ದಪ್ಪ ಕಮಲಾಪುರ ಠಾಣೆಗೆ ಬಂದಾಗ ಅವನ ಬಿಳಿ ಅಂಗಿಯ ತೋಳಿಗೆ ರಕ್ತ ಹತ್ತಿತ್ತು. ಜೊತೆಯಲ್ಲಿ ಬಂದಿದ್ದ ಇಪ್ಪತ್ತು ಮೂವತ್ತು ಜನ ಕಾಂಪೌಂಡಿನಲ್ಲೇ ನಿಂತರು.

"ಬರ್ಕೊಳ್ರಿ ಸಾಹೇಬ್ರೇ. ಆ ಲಾರಿಯಾವ ಬೇಕಂತಾನ ಗುದ್ಯಾನ. ಕೊಲಿ ಕೇಸು ಹಾಕ್ರಿ."

ಸಬ್‌ಇನ್‌ಸ್ಪೆಕ್ಟರ್ ಅಂದಾನಪ್ಪ ಕುರ್ಚಿ ತೋರಿಸಿದ. "ಕುಂದ್ರಿ. ತೀರ್ಕೊಂಡೋರು ಯಾರು?"

"ನಮ್ಮಕ್ಕ ವಿರುಪಮ್ಮನ ಮಗ, ಪಂಪಾಪತಿ. ಇಪ್ಪತ್ತೇಳು ವರ್ಷ. ಒಬ್ಬನ ಮಗ್ರಿ."

"ನೀವು ಕಣ್ಣಾರೆ ನೋಡಿದ್ರೇನು?"

"ಇಲ್ರಿ. ಸುದ್ದಿ ಬಂದ ಮ್ಯಾಲ ಹೋದೆ."

"ಲಾರಿಯವನಿಗೂ ನಿಮಗೂ ಏನರ ದ್ವೇಷ?"

ಗವಿಸಿದ್ದಪ್ಪ ಅಂಗಿಯ ತೋಳು ಮಡಿಚಿದ. "ನಮ್ಮ ಹುಡುಗನ ಕಾರಿನಂಥಾ ಗಾಡಿ ಈ ಜಿಲ್ಲಾದಾಗ ಇನ್ನೊಂದಿಲ್ರಿ. ಲಾರಿ ಕಂಡ್ರ ಹಾರಿ ಮುಂದ ಹೋಗೋ ಗಾಡಿ. ತಪ್ಪು ನಮ್ಮ ಹುಡುಗಂದಲ್ಲ."

ಹೆಡ್ ಕಾನ್‌ಸ್ಟೇಬಲ್ ಪಾಲಯ್ಯ ದೂರನ್ನು ಬರೆದುಕೊಂಡ. ಅತಿವೇಗ ಮತ್ತು ನಿರ್ಲಕ್ಷ್ಯದ ಚಾಲನೆಯಿಂದ ಸಾವು ಎಂದು 279 ಮತ್ತು 304(ಎ) ಕಲಂಗಳಡಿ ಎಫ್‌ಐಆರ್ ದಾಖಲಾಯಿತು. ಕೊಲೆಯ ಕಲಂ ಹಾಕಲಿಲ್ಲವೆಂದು ಗವಿಸಿದ್ದಪ್ಪ ಬೇಸರದಿಂದಲೇ ಸಹಿ ಮಾಡಿದ.

ಘಟನಾ ಸ್ಥಳ ಬುಕ್ಕಸಾಗರದ ಆಚೆ, ಕಂಪ್ಲಿ ರಸ್ತೆಯಲ್ಲಿ. ಒಂದು ಬದಿ ಕಾಲುವೆ, ಇನ್ನೊಂದು ಬದಿ ಆಳೆತ್ತರದ ಕಬ್ಬು. ರಸ್ತೆ ನೇರವಾಗಿತ್ತು. ಕೆಂಪು ಕಾರಿನ ಮುಂಭಾಗ ಗೊಬ್ಬರದ ಲಾರಿಯ ಕೆಳಗೆ ಸೇರಿಕೊಂಡಿತ್ತು. ಪಂಪಾಪತಿ ನಾಲ್ಕು ತಿಂಗಳ ಹಿಂದೆ ಮದ್ರಾಸಿನಿಂದ ಕೊಂಡು ತಂದಿದ್ದ ಎರಡು ಬಾಗಿಲಿನ ವಿದೇಶಿ ಸ್ಪೋರ್ಟ್ಸ್ ಕಾರು ಅದು. ಕ್ಲಚ್ ಇಲ್ಲ, ಗೇರು ತಾನಾಗಿಯೇ ಬದಲಾಗುತ್ತದೆ. ಅದನ್ನು ನೋಡಲೆಂದೇ ಕಂಪ್ಲಿಯಲ್ಲಿ ಜನ ಅವನ ಮನೆಯ ಅಕ್ಕಿ ಗಿರಣಿಯ ಬಾಗಿಲಿಗೆ ಬರುತ್ತಿದ್ದರು.

ಹನ್ನೆರಡು ಗಂಟೆಗೆ ಪಂಚರ ಸಮಕ್ಷಮ ಪಂಚನಾಮೆ ಆಯಿತು. ಲಾರಿಯ ಬ್ರೇಕಿನ ಗುರುತು ಅರವತ್ತೆರಡು ಅಡಿ, ಪೂರ್ತಿ ಅದರದೇ ಬದಿಯಲ್ಲಿ. ಕಾರಿನ ಟೈರು ಉಜ್ಜಿದ ಗುರುತು ಎಲ್ಲಿಯೂ ಇರಲಿಲ್ಲ. ಪಾಲಯ್ಯ ಟೇಪನ್ನು ಎರಡು ಸಲ ಎಳೆದು ನೋಡಿದ.

"ಲಾರಿಯಾವ ತನ್ನ ಸೈಡಿನಾಗ ಇದ್ದ ಸಾರ್."

"ಹೂಂ. ಕಾರಿನವನು ಬ್ರೇಕನ್ನ ಹಿಡಿದಿಲ್ಲ. ಯಾಕ?"

ಲಾರಿ ಚಾಲಕ ಹೊನ್ನೂರಸ್ವಾಮಿಯನ್ನು ಜನ ಹೊಡೆದಿದ್ದರು. ಹಣೆಗೆ ಆರು ಹೊಲಿಗೆ ಬಿದ್ದಿದ್ದವು. ಹೊರಗೆ ಬಿಟ್ಟರೆ ಮತ್ತೆ ಹೊಡೆಯುತ್ತಾರೆಂದು ಅಂದಾನಪ್ಪ ಅವನನ್ನು ಠಾಣೆಯಲ್ಲೇ ಇರಿಸಿಕೊಂಡಿದ್ದ. ಮರುದಿನ ಹನ್ನೊಂದಕ್ಕೆ ಕೋರ್ಟಿಗೆ ಹಾಜರುಪಡಿಸಬೇಕು.

"ಎಷ್ಟು ದೂರದಾಗ ಕಾರು ಕಂಡೆ?"

"ಎರಡು ಫರ್ಲಾಂಗು ಇತ್ರಿ. ಕಬ್ಬಿನ ಲಾರಿ ಹಿಂದಿಂದ ಹೊರಗ ಬಂತು. ದಾಟ್ತಾನ ಬಿಡು ಅನ್ಕೊಂಡೆ. ದಾಟಲೇ ಇಲ್ರಿ. ಹಗ್ಗ ಕಟ್ಟಿ ಹಿಡದಂಗ ಅಲ್ಲೇ ನಿಂತಿತ್ತು. ಆಮ್ಯಾಲ ಬ್ರೇಕ್ ಒತ್ತಿದೆ." ಹಣೆಯ ಹೊಲಿಗೆ ಮುಟ್ಟಿಕೊಂಡ. "ನನಗೂ ಎರಡು ಹೆಣ್ಮಕ್ಳದಾವ್ರಿ. ಬೇಕಂತ ಯಾರು ಗುದ್ತಾರ?"

ಕಬ್ಬಿನ ಲಾರಿಯ ಚಾಲಕ ಎರ್ರಿಯಪ್ಪ ಹೊಸಪೇಟೆಯ ಸಕ್ಕರೆ ಕಾರ್ಖಾನೆಯ ಮುಂದೆ ಸರತಿಯಲ್ಲಿ ಸಿಕ್ಕಿದ. ಅಪಘಾತ ನೋಡಿ ಹೆದರಿ ನಿಲ್ಲದೆ ಬಂದಿದ್ದೆನೆಂದು ಮೊದಲೇ ಒಪ್ಪಿಕೊಂಡ.

"ನಿನ್ನ ಪಕ್ಕಕ್ಕ ಬಂದಾಗ ಏನು ಕಂಡೆ?"

"ಗಾಡಿ ಮ್ಯಾಲಿನ ಹೊದಿಕಿ ತಗದಿದ್ದ. ಕ್ಯಾಬಿನ್ನಿಂದ ಎಲ್ಲಾ ಕಾಣ್ತಿತ್ರಿ. ನನ್ನ ಬಾಗಿಲ ಸಮಕ್ಕ ಬಂದಾವ ಅಲ್ಲೇ ಉಳದ. ಕಾಲು ನೆಟ್ಟಗ ಮಾಡಿ ತುಳೀತಿದ್ದ. ಕೈಲೆ ಸ್ಟೀರಿಂಗ್ ಬಡೀತಿದ್ದ. ನಾನೂ ಸ್ಪೀಡ್ ಕಡಿಮಿ ಮಾಡಿದೆ, ಆದ್ರ ಹಿಂದ ಹದಿನಾಕು ಟನ್ ಕಬ್ಬೈತಿ, ಜಲ್ದಿ ನಿಲ್ಲಂಗಿಲ್ಲ."

"ಅವನು ಹಿಂದ ಸರೀಬಹುದಿತ್ತಲ್ಲ?"

"ಸರೀಬಹುದಿತ್ರಿ. ಈಗ ಎಳೀತೈತಿ, ಈಗ ಎಳೀತೈತಿ ಅಂತ ನಂಬಿದ್ದ ಕಾಣ್ತದ."

ಮಧ್ಯಾಹ್ನ ಮೂರಕ್ಕೆ ಅಂದಾನಪ್ಪ ಹೊಸಪೇಟೆಯ ಮೆಕ್ಯಾನಿಕ್ ಕೆಂಚಣ್ಣನ ಗ್ಯಾರೇಜಿಗೆ ಹೋದ. ಪಂಪಾಪತಿಯ ಅಂಗಿಯ ಜೇಬಿನಲ್ಲಿ ಆ ಗ್ಯಾರೇಜಿನ ಚೀಟಿ ಸಿಕ್ಕಿತ್ತು. ಕೆಂಚಣ್ಣನಿಗೆ ಸುದ್ದಿ ತಿಳಿದಿತ್ತು. ಎಣ್ಣೆಗೈಯನ್ನು ಬಟ್ಟೆಗೆ ಒರೆಸುತ್ತಲೇ ಇದ್ದ.

"ಎಂಟು ದಿನದ ಹಿಂದ ತಂದಿದ್ದ ಸಾರ್. ಎರಡು ವಾರದಿಂದ ಪಿಕಪ್ ಇಲ್ಲ, ಎಳೆಯಂಗಿಲ್ಲ ಅಂದ. ಪ್ಲಗ್ ತಗದು ನೋಡಿದೆ, ಫಿಲ್ಟರ್ ಬದಲಿ ಮಾಡಿದೆ. ಏನೂ ಆಗ್ಲಿಲ್ಲ. ಆಟೊಮ್ಯಾಟಿಕ್ ಗೇರಿಗೆ ನಾ ಕೈ ಹಚ್ಚಿಲ್ರಿ. ಮದ್ರಾಸಿಗೆ ಕಳಿಸು ಅಂದಿದ್ದೆ. ಇವತ್ತು ಅದನ್ನ ಮಾತಾಡಾಕ ಬರ್ತಿದ್ದ."

"ಎಂಜಿನ್ ಹೆಂಗಿತ್ತು?"

"ಅದ ಸೋಜಿಗ ನೋಡ್ರಿ. ಬಾನೆಟ್ ಎತ್ತಿ ಕಾರ್ಬುರೇಟರ್ ತಂತಿ ಕೈಲೆ ಎಳೆದ್ರ ಮಸ್ತ್ ಗುರ್ ಅಂತಿತ್ತು. ಒಳಗ ಕುಂತು ತುಳಿದ್ರ ಇಲ್ಲ."

ಅಂದಾನಪ್ಪ ಬರೆಯುತ್ತಿದ್ದ ಪೆನ್ನು ನಿಲ್ಲಿಸಿದ. "ಕೈಲೆ ಎಳೆದ್ರ ಬರ್ತದ, ಕಾಲಿಲೆ ತುಳಿದ್ರ ಬರಂಗಿಲ್ಲ."

"ಹೂಂ ಸಾರ್."

"ಹಂಗಾರ ತೊಂದರೆ ಎಂಜಿನ್ನಿನಾಗಿಲ್ಲ. ಕಾಲಿನ ಹತ್ರ ಐತಿ. ಪೆಡಲ್ ಕೆಳಗ ನೋಡಿದೆಯೇನು?"

ಕೆಂಚಣ್ಣ ಬಟ್ಟೆ ಕೆಳಗಿಟ್ಟ. "ಇಲ್ಲ ಸಾರ್."

ಸಂಜೆ ನಾಲ್ಕೂವರೆಗೆ ಮೋಟಾರು ವಾಹನ ಇನ್‌ಸ್ಪೆಕ್ಟರ್ ಠಾಣೆಯ ಅಂಗಳದಲ್ಲಿ ಕಾರನ್ನು ಪರೀಕ್ಷಿಸಿದರು. ಬ್ರೇಕು ಸರಿಯಿತ್ತು, ಸ್ಟೀರಿಂಗೂ ಸರಿಯಿತ್ತು. ಕಡೆಗೆ ಪೆಡಲಿನ ಕೆಳಗಿನ ಕಾರ್ಪೆಟ್ ಕಿತ್ತರು. ಅದರಡಿ ನೆಲಕ್ಕೆ ಅಂಟಿಸಿದ್ದ ಕಪ್ಪು ರಬ್ಬರಿನ ತುಂಡೊಂದಿತ್ತು. ಎರಡು ಬೆರಳು ದಪ್ಪ, ಅಂಚುಗಳನ್ನು ಅಚ್ಚುಕಟ್ಟಾಗಿ ಕೆತ್ತಿದ್ದರು. ಪೆಡಲು ಅರ್ಧ ದಾರಿಯಲ್ಲೇ ಅದಕ್ಕೆ ತಾಗಿ ನಿಲ್ಲುತ್ತಿತ್ತು.

"ಈ ಗುಂಡಿ ನೋಡಿ," ಎಂದರು ಅವರು, ಪೆಡಲಿನ ಬುಡದಲ್ಲಿದ್ದ ಸಣ್ಣ ಸ್ವಿಚ್ಚಿಗೆ ಬೆರಳು ತೋರಿಸಿ. "ಪೆಡಲನ್ನು ತಳಕ್ಕೆ ಒತ್ತಿದರೆ ಇದು ಅದುಮಿಕೊಳ್ಳುತ್ತದೆ. ಗೇರು ತಾನೇ ಕೆಳಕ್ಕೆ ಇಳಿದು ಗಾಡಿ ಮುಂದಕ್ಕೆ ಚಿಮ್ಮುತ್ತದೆ. ಓವರ್‌ಟೇಕ್ ಮಾಡಲಿಕ್ಕೇ ಇರೋದು. ರಬ್ಬರ್ ಇರುವಾಗ ಎಷ್ಟು ತುಳಿದರೂ ಕಾಲು ಅಲ್ಲಿಗೆ ಮುಟ್ಟುವುದಿಲ್ಲ."

"ಮುಟ್ಟಿದ್ದರೆ?"

"ನೀವು ಹೇಳಿದ ಎರಡು ಫರ್ಲಾಂಗಿನಲ್ಲಿ ಆರಾಮವಾಗಿ ದಾಟುತ್ತಿದ್ದ. ವರದಿಯಲ್ಲಿ ಬರೆಯುತ್ತೇನೆ."

ಜಪ್ತಿ ಪಂಚನಾಮೆ ಮಾಡುವಾಗ ಪಾಲಯ್ಯ ತುಂಡನ್ನು ಬೆಳಕಿಗೆ ಹಿಡಿದ. ರಬ್ಬರಿನ ನಡುವೆ ಕ್ಯಾನ್ವಾಸಿನ ಪದರಗಳಿದ್ದವು. ನಾಲ್ಕು ಅಂಗುಲದ ಅಂತರದಲ್ಲಿ ಎರಡು ಬೋಲ್ಟಿನ ತೂತು.

"ಸಾರ್, ಇದು ರೈಸ್‌ಮಿಲ್ ಎಲಿವೇಟರ್ ಬೆಲ್ಟು. ಭತ್ತ ಮ್ಯಾಲಕ್ಕ ಒಯ್ಯೋ ಡಬ್ಬಿ ಹಚ್ತಾರಲ್ಲ, ಅದರ ತೂತು. ನಮ್ಮ ಮಾವ ಗಿರಣಿಯಾಗ ಕೆಲಸ ಮಾಡ್ತಾನ, ನಾ ಬಲ್ಲೆ."

ನವೆಂಬರ್ 13, ಬೆಳಿಗ್ಗೆ ಏಳೂವರೆ. ಹಿಂದಿನ ಸಂಜೆಯೇ ಪಂಪಾಪತಿಯ ಮಣ್ಣಾಗಿತ್ತು. ಗಿರಣಿ ನಿಂತಿತ್ತು. ಮೂವತ್ತು ವರ್ಷದಿಂದ ಅಲ್ಲಿನ ಎಂಜಿನ್ ನೋಡಿಕೊಂಡು ಮನೆಯ ಜೀಪನ್ನೂ ಓಡಿಸುತ್ತಿದ್ದ ಹುಲುಗಪ್ಪ ಎಂಜಿನ್ ಕೋಣೆಯ ಕಟ್ಟೆಯ ಮೇಲೆ ಕುಳಿತಿದ್ದ. ಅವನ ಹಿಂದಿನ ಗೋಡೆಗೆ ಹಳೆಯ ಬೆಲ್ಟಿನ ಸುರುಳಿ ಒರಗಿಸಿಟ್ಟಿತ್ತು. ಅದರ ತುದಿಯನ್ನು ಹೊಸದಾಗಿ ಕತ್ತರಿಸಿದ್ದರು. ಪಾಲಯ್ಯ ತುಂಡನ್ನು ಅಲ್ಲಿ ಹಿಡಿದ. ತೂತಿನ ಸಾಲು ಕೂಡಿತು.

"ಇದು ಯಾರ್ದು ಹುಲುಗಪ್ಪ?"

ಅವನು ತುಂಡನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. "ನಂದ್ರಿ."

"ಯಾವಾಗ ಹಾಕಿದಿ?"

"ದಸರಾ ಆದ ಮುಂದಿನ ವಾರ."

"ಯಾಕ?"

"ದಸರಾ ದಿನ ನನ್ನ ಪಕ್ಕದಾಗ ಕೂಡ್ಸಿಕೊಂಡು ಹೊಸಪೇಟೆಗೆ ಹೋದ. ಸ್ಪೀಡಿನ ಮುಳ್ಳು ನೂರಾ ಐವತ್ತಕ್ಕ ಹೋಗಿತ್ರಿ. ಬುಕ್ಕಸಾಗರದಾಗ ಹೆಣ್ಮಗಳೊಬ್ಬಾಕಿ ಕೊಡ ಹೊತ್ಕೊಂಡು ದಾಟ್ತಿದ್ಲು. ಗಾಡಿ ತಾಗಲಿಲ್ಲ, ಗಾಳಿಗೇ ಬಿದ್ಲು. ಅವ ನಗ್ತಿದ್ದ. ನಾ ಅವಗ ಗಾಡಿ ಕಲಿಸಿದವ್ರಿ. ಎಂಟು ವರ್ಷದಾವ ಇದ್ದಾಗ ಜೀಪಿನಾಗ ತೊಡಿಮ್ಯಾಲ ಕುಂದ್ರಿಸ್ಕೊಂಡು."

"ಅವನಿಗೆ ಹೇಳಬೇಕಿತ್ತು."

"ಹೇಳಿದ್ನಲ್ರಿ. ಮುದುಕ ಆದಿ ಹುಲುಗಪ್ಪ, ಅಂದ."

"ಬ್ರೇಕು ಮುಟ್ಟಿದಿಯೇನು?"

"ದೇವರಾಣಿ ಇಲ್ರಿ. ಓಡೋದನ್ನಷ್ಟ ಕಡಿಮಿ ಮಾಡೀನಿ. ಮೂರು ವಾರ ದಿನಾ ಸಂಜಿಕ ಹೊತ್ತಿಗೆ ಸರಿಯಾಗಿ ಮನಿಗೆ ಬಂದ. ಚಲೋ ಆತು ಅನ್ಕೊಂಡೆ."

"ಹಿಂಗ ಮಾಡು ಅಂತ ಯಾರರ ಹೇಳಿದ್ರೇನು?"

ಹುಲುಗಪ್ಪ ಒಂದು ಗಳಿಗೆ ಗಿರಣಿಗೆ ಅಂಟಿಕೊಂಡಿದ್ದ ಮನೆಯ ಕಡೆ ನೋಡಿದ. "ಯಾರೂ ಇಲ್ರಿ. ನಂದ ತಲಿ."

ಎಂಟೂ ಹತ್ತಕ್ಕೆ, ನಿರ್ಲಕ್ಷ್ಯದ ಕೃತ್ಯದಿಂದ ಸಾವಿಗೆ ಕಾರಣನಾದ ಆರೋಪದ ಮೇಲೆ ಅವನನ್ನು ಬಂಧಿಸಲಾಯಿತು. ಜೀಪಿನ ಸದ್ದಿಗೆ ವಿರುಪಮ್ಮ ಬಾಗಿಲಿಗೆ ಬಂದಳು. ತಮ್ಮ ಗವಿಸಿದ್ದಪ್ಪ ಅವಳ ಹಿಂದೆ ನಿಂತಿದ್ದ.

"ಹುಲುಗಪ್ಪನ್ನ ಯಾಕ ಕರ್ಕೊಂಡು ಹೊಂಟ್ರಿ?"

ಅಂದಾನಪ್ಪ ಹೇಳಿದ. ಅರ್ಧಕ್ಕೇ ಗವಿಸಿದ್ದಪ್ಪ, "ಲೇ ಹುಲುಗ್ಯಾ!" ಎಂದು ಕೂಗಿ ಮುಂದೆ ನುಗ್ಗಿದ. ವಿರುಪಮ್ಮ ಅಡ್ಡ ಕೈ ಹಿಡಿದಳು. ತಮ್ಮನ ಕಡೆ ತಿರುಗಿ ನೋಡಲಿಲ್ಲ.

"ನಾನ ಹೇಳಿದ್ದು," ಎಂದಳು. "ಹೆಂಗಾರ ಮಾಡಿ ಆ ಗಾಡಿ ಓಡದಂಗ ಮಾಡಪ್ಪ ಅಂತ ದಸರಾದಾಗ ಇವನ ಕಾಲು ಹಿಡಿದಿದ್ದೆ. ಆ ಕೊಡ ಹೊತ್ತಾಕಿ ಬಿದ್ದಿದ್ದು ಕೇಳಿ ನನಗ ನಿದ್ದಿ ಇದ್ದಿಲ್ಲ."

"ಅಮ್ಮಾರು ದುಃಖದಾಗ ಏನೇನೋ ಅಂತಾರ್ರಿ," ಎಂದ ಹುಲುಗಪ್ಪ. "ಬರ್ಕೋಬ್ಯಾಡ್ರಿ."

ಪಾಲಯ್ಯ ಪೆನ್ನು ಹಿಡಿದುಕೊಂಡು ಸಾಹೇಬರ ಮುಖ ನೋಡಿದ. ಅಂದಾನಪ್ಪ, "ಬರ್ಕೋ," ಎಂದ. ಗಾಡಿ ಓಡದಂತೆ ಮಾಡೆಂದು ತಾಯಿ ಕೇಳಿಕೊಂಡದ್ದು ಅಪರಾಧವಾಗುವುದಿಲ್ಲ. ಹುಲುಗಪ್ಪನ ಮನಸ್ಸಿನಲ್ಲಿ ಕೊಲ್ಲುವ ಉದ್ದೇಶ ಇರಲಿಲ್ಲವೆಂಬುದಕ್ಕೆ ಅದಕ್ಕಿಂತ ಬಲವಾದ ಸಾಕ್ಷಿಯೂ ಇರಲಿಲ್ಲ. ಅವಳು ಓದಿಸಿ ಕೇಳಿ, ಸಹಿ ಮಾಡಿದಳು.

ಹತ್ತು ಗಂಟೆಗೆ ಹೊನ್ನೂರಸ್ವಾಮಿಯನ್ನು ಬಿಟ್ಟು ಕಳಿಸಲಾಯಿತು. ಅವನು ಹೊರಗೆ ಹೋಗುವಾಗ ಬೆಂಚಿನ ಮೇಲೆ ಕುಳಿತಿದ್ದ ಹುಲುಗಪ್ಪನನ್ನು ನೋಡಿ ನಿಂತ. ಆಮೇಲೆ ಹೊರಟುಹೋದ.

ಕೋರ್ಟಿಗೆ ಹೊರಡುವ ಮುನ್ನ ಹುಲುಗಪ್ಪ ಒಂದು ಮಾತು ಕೇಳಿದ.

"ಸಾಹೇಬ್ರೇ, ಆ ತುಂಡು ನಾ ಹಾಕದ ಇದ್ದಿದ್ರ, ನಿನ್ನೆ ಅವ ದಾಟ್ತಿದ್ನೇನ್ರಿ?"

ಮೋಟಾರು ವಾಹನ ಇನ್‌ಸ್ಪೆಕ್ಟರರ ವರದಿ ಮೇಜಿನ ಮೇಲೆಯೇ ಇತ್ತು, ದಾಟುತ್ತಿದ್ದನೆಂದು ಬರೆದಿದ್ದ ಎರಡನೆಯ ಪುಟ ಮೇಲಕ್ಕೆ. ಹುಲುಗಪ್ಪನಿಗೆ ಓದಲು ಬರುತ್ತಿರಲಿಲ್ಲ. ಅಂದಾನಪ್ಪ ಕಾಗದಗಳನ್ನು ಒಟ್ಟುಮಾಡಿ ಫೈಲಿನೊಳಗೆ ಸೇರಿಸಿದ.

"ಅದನ್ನ ಯಾರಿಗೂ ಹೇಳಾಕ ಬರಂಗಿಲ್ಲ," ಎಂದ. "ಏಳು, ಜೀಪು ಬಂತು."