ವಿಯೆನ್ನಾದ ಬೇವಿನ ಮರ

ಪುಸ್ತಕದ ಕೊನೆಯ ಹಾಳೆಯಲ್ಲಿ ಹದಿನಾಲ್ಕು ಜನ ಬರೆದಿದ್ದರು. ಹನ್ನೊಂದು ಜನ ಬಯ್ದಿದ್ದರು.

ಮದ್ದೂರಿನ ಕೆಂಪಸಿದ್ದಯ್ಯನವರ ಬಾಡಿಗೆ ಲೈಬ್ರರಿಯಲ್ಲಿ ಒಂದೇ ನಿಯಮ. ಪುಸ್ತಕ ವಾಪಸ್ ತರುವವರು ಹಿಂದೆ ಅಂಟಿಸಿದ ಖಾಲಿ ಹಾಳೆಯಲ್ಲಿ ಎರಡು ಸಾಲು ಅಭಿಪ್ರಾಯ ಬರೆಯಬೇಕು. ಬರೆಯದವರಿಗೆ ಮುಂದಿನ ಪುಸ್ತಕವಿಲ್ಲ. ಸ್ವರೂಪ್ ಕಪಾಟಿನ ಮರೆಯಲ್ಲಿ ನಿಂತು ಓದಿದ.

‘ಹೊನ್ನಯ್ಯನವರ ಏಜೆಂಟ್ ಅಭಯ ಇವನಲ್ಲ. ಇವನು ಯಾರೋ ಪುಕ್ಕಲ.’

‘ಹುಡುಗಿ ರೈಲಿನ ಬಾಗಿಲಲ್ಲಿ ಕೈ ಚಾಚಿ ನಿಂತಿದ್ದಾಳೆ. ಆ ಕೈ ಹಿಡಿಯಲು ಅಭಯನಿಗೆ ಆರು ಪುಟ! ಅಷ್ಟರಲ್ಲಿ ನಮ್ಮ ಬಸ್ಸು ಕೆರಗೋಡು ಮುಟ್ಟಿತ್ತು. ಇಂತಿ ಪ್ರೀತಂ.’

‘ಹೊನ್ನಯ್ಯನವರು ಹತ್ತು ಪುಸ್ತಕದಲ್ಲೂ ಕೊನೆಗೆ ಹುಡುಗಿಯನ್ನು ಸಾಯಿಸಿದರು. ಇದರಲ್ಲಿ ನೈನಾ ಬದುಕಿದ್ದಾಳೆ. ಮೋಸ.’

‘ವಿಯೆನ್ನಾ ಸ್ಟೇಷನ್ನಿನಲ್ಲಿ ಬೇವಿನ ಮರ ಎಲ್ಲಿಂದ ಬಂತು ಸ್ವಾಮಿ?’

ಸ್ವರೂಪನ ಕಿವಿ ಬಿಸಿಯಾಯಿತು. ಗೂಢಚಾರ ಅಭಯನ ಹತ್ತು ಕಾದಂಬರಿ ಬರೆದ ಹೊನ್ನಯ್ಯನವರು ತೀರಿಕೊಂಡ ಮೇಲೆ ಈ ಹನ್ನೊಂದನೆಯ ಪುಸ್ತಕವನ್ನು ‘ವಾರಸುದಾರ’ ಎಂಬ ಹೆಸರಿನಲ್ಲಿ ಬರೆದವನು ಅವನೇ. ಪ್ರಕಾಶಕರನ್ನು ಬಿಟ್ಟರೆ ಅದು ಯಾರಿಗೂ ಗೊತ್ತಿರಲಿಲ್ಲ. ಅವನಿಗೆ ಮದ್ದೂರಿನ ಹತ್ತಿರದ ಸೋಮನಹಳ್ಳಿಯ ಫ್ಯಾಕ್ಟರಿಯೊಂದರ ಸ್ಟೋರಿನಲ್ಲಿ ಕೆಲಸ. ವಿಯೆನ್ನಾ ಇರಲಿ, ಅವನು ವಿಮಾನವನ್ನೇ ಹತ್ತಿರದಿಂದ ನೋಡಿದವನಲ್ಲ. ಅವನಿಗೆ ಚೆನ್ನಾಗಿ ಗೊತ್ತಿದ್ದ ಸ್ಟೇಷನ್ ಒಂದೇ, ತನ್ನೂರು ಹನಕೆರೆಯದು. ಅದಕ್ಕೇ ವಿಯೆನ್ನಾ ಎಂದು ಹೆಸರಿಟ್ಟಿದ್ದ.

“ಎಲ್ಲಾರೂ ಉಗ್ದವ್ರೆ ಕಣ್ಲಾ,” ಮೇಜಿನ ಹಿಂದಿನಿಂದ ಕೆಂಪಸಿದ್ದಯ್ಯ ಖುಷಿಯಾಗಿ ಹೇಳಿದರು. “ಆದ್ರೂ ನಂಗ್ ಕೊಡಿ, ನಂಗ್ ಕೊಡಿ ಅಂತಾವ್ರೆ. ಉಗ್ಯಕ್ಕಾದ್ರೂ ಓದ್ಬೇಕಲ್ಲ!”

“ನಿಮ್ಗೆ ಹೆಂಗನ್ನಿಸ್ತು ಯಜಮಾನ್ರೇ?”

“ಆ ನೈನಾ ಸತ್ತೋಗಿದ್ರೆ ಸರಿಯಾಗ್ತಿತ್ತು, ಬುಡು.”

ಅಷ್ಟರಲ್ಲಿ ಪಕ್ಕದಿಂದ ಒಂದು ಕೈ ಬಂದು ಪುಸ್ತಕವನ್ನು ಎಳೆದುಕೊಂಡಿತು. ಮಣಿಕಟ್ಟಿನಲ್ಲಿ ಕಂದು ಬಣ್ಣದ ರಬ್ಬರ್ ಬ್ಯಾಂಡ್.

“ಇದು ನಂದು,” ಅಂದಳು ಕುಸುಮ. “ಹೇಳಿಟ್ಟು ಹದಿನೈದು ದಿನ ಆಯ್ತು. ನಿಮ್ಗೆ ಬೇಕಿತ್ತಾ?”

“ಇಲ್ಲ ಇಲ್ಲ. ನಾನು ಇಂಥವೆಲ್ಲ ಓದಲ್ಲ.”

“ಹೌದಾ?” ಅವಳ ಒಂದೇ ಹುಬ್ಬು ಮೇಲೇರಿತು.

ಆ ಹುಬ್ಬು ಪುಸ್ತಕದ ನಲವತ್ತೆರಡನೇ ಪುಟದಲ್ಲಿತ್ತು. ರಬ್ಬರ್ ಬ್ಯಾಂಡ್ ಐವತ್ತನೇ ಪುಟದಲ್ಲಿ.

ಕುಸುಮ ಮದ್ದೂರಿನ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಬೆಳಿಗ್ಗೆ ಪ್ಯಾಸೆಂಜರ್ ರೈಲಿಗೆ ಅವಳು ಮಂಡ್ಯದಲ್ಲಿ ಹತ್ತುತ್ತಿದ್ದಳು, ಅವನು ಹನಕೆರೆಯಲ್ಲಿ. ಎರಡು ವರ್ಷದಿಂದ ಎದುರುಬದುರು ಸೀಟು. ಕಥೆಯ ಕೊನೆಯನ್ನು ಕದ್ದು ಓದುವ ಚಪಲ ಅವಳಿಗೆ. ಅದನ್ನು ತಡೆಯಲು ಕೊನೆಯ ಅಧ್ಯಾಯಕ್ಕೆ ಲ್ಯಾಬಿನ ರಬ್ಬರ್ ಬ್ಯಾಂಡ್ ಹಾಕಿ ಬಿಗಿದಿಡುತ್ತಿದ್ದಳು. ನೈನಾ ತನ್ನ ಗುಪ್ತ ಫೈಲುಗಳಿಗೆ ಹಾಗೆಯೇ ಮಾಡುತ್ತಿದ್ದಳು. ಕುಸುಮಳನ್ನು ಒಂದು ಮಾತು ಕೇಳದೆ ಅವಳನ್ನು ಇಡಿಯಾಗಿ ಪುಸ್ತಕಕ್ಕೆ ಹಾಕಿಬಿಟ್ಟಿದ್ದ ಸ್ವರೂಪ್. ಈಗ ಅವಳು ಅದನ್ನೇ ಓದಲು ಹೊರಟಿದ್ದಳು.

ಸೋಮವಾರ ರೈಲಿನಲ್ಲಿ ಪುಸ್ತಕ ತೆರೆಯುವ ಮೊದಲು ಹೇಳಿದಳು. “ಇದೊಂದೇ ವಾರ ಕಣ್ರೀ. ಆಮೇಲೆ ಮಳವಳ್ಳಿ ಬ್ರಾಂಚಿಗೆ ಹಾಕವ್ರೆ. ಮಂಡ್ಯದಿಂದ ಬಸ್ಸು.”

ಸ್ವರೂಪನ ಎದೆಯಲ್ಲಿ ಏನೋ ಕಳಚಿತು. ಬಾಯಿ ಮಾತ್ರ, “ಒಳ್ಳೇದಾಯ್ತಲ್ಲ,” ಅಂದಿತು.

“ಯಾರಿಗೆ?”

ಅವಳು ಓದತೊಡಗಿದಳು.

ಮಂಗಳವಾರ, ನಗುವಂಥದ್ದು ಏನೂ ಇಲ್ಲದ ಪುಟದಲ್ಲಿ ನಕ್ಕಳು. ಬುಧವಾರ ಹುಬ್ಬು ಗಂಟಿಕ್ಕಿದಳು, ಪುಸ್ತಕದಿಂದ ಕಣ್ಣೆತ್ತಿ ಅವನನ್ನು ಒಂದು ಕ್ಷಣ ನೋಡಿದಳು, ಎದ್ದು ಬೇರೆ ಸೀಟಿಗೆ ಹೋದಳು. ಗುರುವಾರ ಪ್ರಕಾಶಕರ ಮೆಸೇಜು: ‘ಓದುಗರ ಅಭಿಪ್ರಾಯ ಚೆನ್ನಾಗಿಲ್ಲ. ಹನ್ನೆರಡನೆಯದರ ಮೊದಲ ಅಧ್ಯಾಯದಲ್ಲೇ ನೈನಾ ಸಾಯಬೇಕು. ಶನಿವಾರ ಸಂಜೆಯೊಳಗೆ ತಿಳಿಸಿ. ಆಗದಿದ್ದರೆ ಬೇರೆಯವರು ಬರೆಯುತ್ತಾರೆ.’

ಶುಕ್ರವಾರ ಕುಸುಮ ಬೋಗಿಯ ಆ ತುದಿಯಲ್ಲಿದ್ದಳು. ಒಮ್ಮೆಯೂ ತಿರುಗಲಿಲ್ಲ.

ಹನ್ನೊಂದು ಜನರ ಬೈಗುಳವನ್ನು ಅವನು ಹೇಗೋ ನುಂಗಿಕೊಂಡಿದ್ದ. ಹದಿನೈದನೆಯ ಅಭಿಪ್ರಾಯ ಕುಸುಮಳದು.

ಶನಿವಾರ ಸಂಜೆ ಸೋಮನಹಳ್ಳಿಯಿಂದ ಬಸ್ಸು ಹಿಡಿದು ಲೈಬ್ರರಿಗೆ ಓಡಿ ಬಂದ. ಕುಸುಮ ಪುಸ್ತಕ ಕೊಟ್ಟಳಾ ಎಂದು ಕೇಳಿದ.

“ಅವ್ಳು ಈಗ್ತಾನೆ ಕೊಟ್ಟು ಹೋದ್ಲು,” ಅಂದರು ಕೆಂಪಸಿದ್ದಯ್ಯ. “ಯಾಕ್ಲಾ, ನಾಯಿ ಅಟ್ಟಿಸ್ಕಬಂದಂಗೆ ಬತ್ತಿದ್ದೀಯ?”

ಅವನು ಕೊನೆಯ ಹಾಳೆ ತಿರುವಿದ. ಅವಳ ಅಕ್ಷರ ಸಣ್ಣದು, ನೇರ.

‘ವಿಯೆನ್ನಾದಲ್ಲಿ ಬೇವಿನ ಮರ ಇದೆ. ನಾನು ದಿನಾ ನೋಡುತ್ತೇನೆ. ಅಭಯ ಆರು ಪುಟ ತಗೊಂಡ, ವಾರಸುದಾರರು ಎರಡು ವರ್ಷ. ನೈನಾಳನ್ನು ಏನು ಮಾಡಬೇಕು ಅಂತ ಇನ್ನಾದರೂ ಅವಳನ್ನೇ ಕೇಳಿ.’

ಸ್ಟೇಷನ್ನಿಗೆ ಹೇಗೆ ಬಂದನೋ ತಿಳಿಯದು. ಮಂಡ್ಯದ ರೈಲಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಿದ್ದಳು. ಎದುರು ಸೀಟಿನ ಮೇಲೆ ಬ್ಯಾಗಿತ್ತು. ಅವನನ್ನು ಕಂಡು ಬ್ಯಾಗು ತೆಗೆದಳು. ರೈಲು ಹೊರಟಿತು.

“ತಪ್ಪಾಯ್ತು,” ಅಂದ ಏದುಸಿರಿನಲ್ಲೇ. “ನಿಮ್ಮನ್ನ ಕೇಳ್ದೆ ಬರ್ದೆ.”

“ಎರಡು ವರ್ಸ ಎದುರಿಗೆ ಕೂತು ನನ್ನ ಹುಬ್ಬು ಲೆಕ್ಕ ಹಾಕ್ತಿದ್ರಾ? ಗೂಢಚಾರ ಅಭಯ ಅಲ್ಲ ಕಣ್ರೀ, ನೀವು.”

“ಕೋಪಾನಾ?”

“ಬುಧವಾರ ಬಂದಿತ್ತು. ಅದ್ಕೇ ಎದ್ದೋದೆ. ಆಮೇಲೆ ಕೊನೇ ಅಧ್ಯಾಯಕ್ಕೆ ಬಂದೆ.” ಅವಳು ಕಿಟಕಿಯಾಚೆ ನೋಡಿದಳು. “ನಿಮ್ಮ ಮುಖ ಎದುರಿಗಿಟ್ಕೊಂಡು ಅದನ್ನ ಓದಕ್ಕಾಗ್ಲಿಲ್ಲ.”

“ನಾನೇ ಅಂತ ಹೆಂಗೆ ಗೊತ್ತಾಯ್ತು? ರಬ್ಬರ್ ಬ್ಯಾಂಡಾ?”

“ಬೇವಿನ ಮರ. ಅದರ ಕೆಳಗೆ ಕೈ ಮುರಿದ ಬೆಂಚು. ದಿನಾ ಬೆಳಿಗ್ಗೆ ಅದರ ಮೇಲೆ ತೋಳು ಮಡಿಚ್ಕೊಂಡು ಕೂತಿರೋನು ಯಾರು? ನೋಡೋದು ನೀವೊಬ್ರೇನಾ? ಮಂಡ್ಯ ಬಿಟ್ಟ ತಕ್ಷಣ ನಾನು ಆ ಮರ ಬಂತಾ ಅಂತ ಹುಡುಕ್ತೀನಿ.”

ಸ್ವರೂಪ್ ಫೋನು ತೆಗೆದು ಅವಳ ಮುಂದೆ ಹಿಡಿದ. ಪ್ರಕಾಶಕರ ಮೆಸೇಜಿನ ಕೆಳಗೆ ಅವನು ಬರೆದ ಉತ್ತರ ಬೆಳಿಗ್ಗೆಯಿಂದ ಹಾಗೇ ಕೂತಿತ್ತು: ‘ನೈನಾ ಸಾಯುವುದಿಲ್ಲ.’ ಕಳಿಸಲು ಬೆರಳು ಏಳುತ್ತಿರಲಿಲ್ಲ. ಕಳಿಸಿದರೆ ಹನ್ನೆರಡನೆಯ ಪುಸ್ತಕ ಕೈತಪ್ಪಬಹುದು.

“ಕೇಳ್ತಿದ್ದೀನಿ,” ಅಂದ. “ನೈನಾನ ಏನ್ ಮಾಡ್ಲಿ?”

ಕುಸುಮ ಎರಡು ಸಲ ಓದಿದಳು. “ನಿಮ್ಗೆ ಭಯ ಆಯ್ತಿಲ್ವಾ?”

“ಆಯ್ತದೆ. ಆದ್ರೆ ಸೋಮವಾರ ನೀವು ಈ ಸೀಟಲ್ಲಿರಲ್ಲ ಅಂತ ಅದಕ್ಕಿಂತ ಭಯ. ನಂಗೆ ನೀವು ಬೇಕು ಕುಸುಮ.”

ಅವಳು ಅವನ ಬೆರಳು ಹಿಡಿದು, ಆ ಬೆರಳಿನಿಂದಲೇ ಮೆಸೇಜನ್ನು ಕಳಿಸಿಬಿಟ್ಟಳು.

ರೈಲು ನಿಧಾನವಾಯಿತು. ಹನಕೆರೆ. ಸ್ವರೂಪ್ ಇಳಿದ. ಪ್ಲಾಟ್‌ಫಾರಂ ತಗ್ಗಿನಲ್ಲಿತ್ತು. ಮೇಲೆ ಬಾಗಿಲಲ್ಲಿ ನಿಂತ ಕುಸುಮ ಕೈ ಚಾಚಿದಳು.

“ಒಂದೇ ನಿಮಿಷ ನಿಲ್ಲೋದು ಕಣೋ ಇದು,” ಅಂದಳು. “ಆರು ಪುಟ ಸಿಗಲ್ಲ ನಿಂಗೆ.”

ಅವನು ಕೈ ಹಿಡಿದ. ಅವಳು ಧುಮುಕಿದಳು. ರೈಲು ಅವಳನ್ನು ಬಿಟ್ಟು ಮಂಡ್ಯದ ಕಡೆ ಹೊರಟುಹೋಯಿತು.

“ಮನೇಲಿ ಬಯ್ಯಲ್ವಾ?”

“ಅರ್ಧ ಗಂಟೇಲಿ ಬಸ್ಸೈತೆ. ಅಲ್ಲೀಗಂಟ ಕೂತ್ಕೊ.” ಅವಳು ಬೆಂಚನ್ನು ಕರ್ಚೀಫಿನಿಂದ ಒರೆಸಿ ಮೇಲೆ ನೋಡಿದಳು. “ವಿಯೆನ್ನಾದಲ್ಲಿ ಇಷ್ಟೊಂದು ಕಾಗೆ ಅಂತ ಬರ್ದೇ ಇಲ್ವಲ್ಲ?”

ಅವನ ಜೇಬಿನಲ್ಲಿ ಫೋನು ನಡುಗಿತು. ಪ್ರಕಾಶಕರ ಉತ್ತರ. ಅವನು ತೆರೆಯಲು ಹೊರಟ. ಕುಸುಮ ಫೋನನ್ನು ಕಿತ್ತುಕೊಂಡು, ಮಣಿಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚಿ ಅದಕ್ಕೆ ಎರಡು ಸುತ್ತು ಹಾಕಿದಳು.

“ಕೊನೆ ಈಗ್ಲೇ ನೋಡ್ಬೇಡ,” ಅಂದಳು. ಅವನ ಕೈಯನ್ನು ಮತ್ತೆ ಹಿಡಿದುಕೊಂಡಳು.