ಮುನಿರತ್ನಮ್ಮನ ಐದು ಬದನೆಗಿಡ

ಗಾಜಿನ ಕಡ್ಡಿ ಮಣ್ಣಿಗಿಳಿದು ಎರಡು ನಿಮಿಷವಾಗಿತ್ತು. ಅದರ ಮೇಲ್ತುದಿಯ ಪುಟ್ಟ ಪರದೆಯಲ್ಲಿ ಅಂಕಿಗಳು ಮೂಡಿದವು: ಟೊಮೆಟೊಗೆ ಚೆಂಡುಹೂವು, ಮೂವತ್ತೊಂದು. ಹುರುಳಿಕಾಯಿಗೆ ಈರುಳ್ಳಿ, ಒಂಬತ್ತು. ಯಾವ ಗಿಡದ ಪಕ್ಕ ಯಾವ ಗಿಡ ಆಗಿಬರುತ್ತದೆಂದು ಹೇಳುವ ಈ ಉಪಕರಣಕ್ಕೆ ಡಾ. ಇಂಚರಾ ಇಟ್ಟ ಹೆಸರು ಮೂಲಸ್ರಾವ ಮಾಪಕ. ಬೇರುಗಳಿಂದ ಮಣ್ಣಿಗೆ ಸದಾ ಒಸರುವ ರಾಸಾಯನಿಕಗಳನ್ನು ಮೂಸಿ ನೋಡಿ ಅದು ಮೂವತ್ತಾರಕ್ಕೆ ಇಷ್ಟು ಎಂದು ಅಂಕ ಕೊಡುತ್ತಿತ್ತು. ಮೂವತ್ತಾರು ಅಂದಮೇಲೆ ಚಿಂತಾಮಣಿಯ ಜನ ಸುಮ್ಮನಿರುತ್ತಾರೆಯೇ? 2061ರ ಹೊತ್ತಿಗೆ ಊರಿಗೆಲ್ಲ ಅದು ಗಿಡಗಳ ಜಾತಕ, ಇಂಚರಾ ಜೋಯಿಸಮ್ಮ.

ಜಾತಕ ಕೂಡದೆ ಉಳಿದದ್ದು ಮುನಿರತ್ನಮ್ಮನ ಬದನೆಗೆ ಮಾತ್ರ. ಅರವತ್ತಾರು ವರ್ಷದ ಮುನಿರತ್ನಮ್ಮ ಅತ್ತೆ ಕೊಟ್ಟ ಬೀಜದಿಂದ ಹಿತ್ತಲಲ್ಲಿ ಬಿಳಿಗೆರೆಯ ಬದನೆ ಬೆಳೆಯುತ್ತಿದ್ದರು. ಅದು ಬೇರೆಲ್ಲೂ ಉಳಿಯದ ತಳಿ. ಬೀಜದ ಡಬ್ಬಿಯೂ ಆ ವರ್ಷ ಖಾಲಿಯಾಗಿ, ಇದ್ದದ್ದೆಲ್ಲ ನೆಲದಲ್ಲಿದ್ದ ಹನ್ನೆರಡು ಗಿಡ. ಒಂದಕ್ಕೆ ಸೊರಗು ರೋಗ ತಗುಲಿದ್ದೇ ಅವರು ಇಂಚರಾಗೆ ಹೇಳಿಕಳಿಸಿದರು. ಸೂಕ್ಷ್ಮಜೀವಿಗಳು ಕಾಂಡದೊಳಗಿನ ನೀರಿನ ನಾಳಗಳನ್ನು ಮುಚ್ಚಿ ಗಿಡವನ್ನು ನಿಂತಲ್ಲೇ ಬಾಡಿಸುವ ರೋಗ ಅದು. ಒಳ್ಳೆಯ ನೆರೆಗಿಡ ಸಿಕ್ಕರೆ ಅದರ ಬೇರಿನ ಸ್ರಾವವೇ ಅವುಗಳನ್ನು ತಡೆಯಬಲ್ಲದು.

ಇಂಚರಾ ಹದಿನೈದು ದಿನಕ್ಕೊಂದು ಶುಕ್ರವಾರ ಬಂದು ಅಳೆದರು. ಮಾಪಕದ ಪಟ್ಟಿಯಲ್ಲಿದ್ದ ಇನ್ನೂರ ಹನ್ನೆರಡು ಗಿಡಗಳಲ್ಲಿ ಯಾವುದಕ್ಕೂ ಹದಿನಾಲ್ಕರ ಮೇಲೆ ಅಂಕ ಬರಲಿಲ್ಲ. ಪ್ರತಿ ಸಲವೂ ಪರದೆಯ ಕೆಳಗೆ ‘ಪರಿಚಯವಿಲ್ಲದ ಸ್ರಾವ’ ಎಂಬ ಸಾಲು ಮೂಡುತ್ತಿತ್ತು. ಗಾಜು ಕೊಳೆಯಾಗಿದೆ ಎಂದುಕೊಂಡು ಇಂಚರಾ ಮೂರು ಸಲ ಕಡ್ಡಿ ಬದಲಾಯಿಸಿದರು. ವಿಜ್ಞಾನಿಗಳಿಗೂ ಉಪಕರಣದ ಮೇಲಿನ ನಂಬಿಕೆ ಅದು ತಾವಂದುಕೊಂಡದ್ದನ್ನು ಹೇಳುವವರೆಗೆ ಮಾತ್ರ. ಅಷ್ಟರಲ್ಲಿ ಹನ್ನೆರಡು ಗಿಡ ಐದಾದವು. ಮುನಿರತ್ನಮ್ಮ ದೂರಲಿಲ್ಲ. ಪ್ರತಿ ಸಲ ಕಾಫಿ ಕೊಟ್ಟು, ಇಷ್ಟಾದರೂ ಉಳಿಯುತ್ತವಾ ಎಂದಷ್ಟೇ ಕೇಳುತ್ತಿದ್ದರು. ಆ ಪ್ರಶ್ನೆ ಕೇಳಿ ಬಂದ ದಿನ ಇಂಚರಾಗೆ ಊಟ ಸೇರುತ್ತಿರಲಿಲ್ಲ.

ಒಂದು ಗುರುವಾರ ಶ್ರೀನಿವಾಸಪುರದ ಸಭೆ ರದ್ದಾಗಿ, ಇಂಚರಾ ಒಂದು ದಿನ ಮುಂಚೆಯೇ ಹಿತ್ತಲಿಗೆ ಬಂದರು. ಮುನಿರತ್ನಮ್ಮ ಸೆರಗು ಸಿಕ್ಕಿಸಿಕೊಂಡು ಕೂತು, ಬದನೆಯ ಬುಡದಲ್ಲಿ ತಾನಾಗಿ ಹುಟ್ಟಿ ಹರಡಿದ್ದ ಗೋಣಿಸೊಪ್ಪನ್ನು ಬೇರುಸಹಿತ ಕಿತ್ತು ಬುಟ್ಟಿಗೆ ತುಂಬುತ್ತಿದ್ದರು. ಇಂಚರಾರನ್ನು ಕಂಡು ಅವರಿಗೆ ನಾಚಿಕೆಯಾಯಿತು.

“ನಾಳೆ ಅಲ್ವೇನಮ್ಮ ನೀವು ಬರೋದು? ಇನ್ನೂ ಕ್ಲೀನೇ ಆಗಿಲ್ಲ.”

“ನಾನು ಬರೋ ಮುಂಚೆ ಪ್ರತಿ ಸಲ ಕೀಳ್ತೀರಾ?”

“ಮತ್ತೆ? ಓದಿದೋರು ಮನೆಗೆ ಬರೋವಾಗ ಹಿತ್ಲು ಹಿಂಗಿದ್ರೆ ನೋಡಿದೋರು ಏನಂತಾರೆ? ಮೊದ್ಲೆಲ್ಲ ಸಾರಿಗೆ ಬೇಕಾದಾಗ ಮೇಲ್ಮೇಲೆ ಚಿವುಟ್ಕೊಂತಿದ್ದೆ. ನೀವು ಬರೋಕೆ ಶುರು ಮಾಡಿದ್ಮೇಲೆ ಒಂದು ಕಡ್ಡೀನೂ ಉಳಿಸಿಲ್ಲ.”

ಇಂಚರಾ ಬುಟ್ಟಿಯ ಒಂದು ಬೇರನ್ನು ಮಾಪಕಕ್ಕೆ ಪರಿಚಯ ಮಾಡಿಸಿ, ಕಡ್ಡಿಯನ್ನು ಬದನೆಯ ಬುಡಕ್ಕೆ ಇಳಿಸಿದರು. ಮೂವತ್ತನಾಲ್ಕು ಬಂತು, ‘ಪರಿಚಯವಿಲ್ಲದ ಸ್ರಾವ’ ಎಂಬ ಸಾಲು ಮಾಯವಾಯಿತು. ಅವರು ಮಾಪಕದ ಪಟ್ಟಿ ಮಾಡಿದ್ದು ಬೀಜದಂಗಡಿಗಳ ಪುಸ್ತಕ ನೋಡಿ. ಯಾರೂ ಬೀಜ ಮಾರದ ಸೊಪ್ಪು ಅದರೊಳಗೆ ಬರುವುದಾದರೂ ಹೇಗೆ? ಅವರ ಕಣ್ಣು ತುಂಬಿಬಂತು.

“ನಿಮ್ಮ ಏಳು ಗಿಡ ನನ್ನಿಂದ್ಲೇ ಹೋದ್ವು ಅಮ್ಮ.”

“ಹೋಗಿದ್ದು ಹೋಯ್ತು. ಬುಟ್ಟೀಲಿರೋದಕ್ಕೆ ಇನ್ನೂ ಜೀವ ಐತೆ, ನೆಡೋಣ ಬನ್ನಿ.”

ಇಬ್ಬರೂ ಕೂತು ನೆಟ್ಟರು. ಗೋಣಿಸೊಪ್ಪು ಹಠಮಾರಿ, ಎರಡೇ ದಿನಕ್ಕೆ ತಲೆಯೆತ್ತಿತು. ಮೂರನೇ ವಾರಕ್ಕೆ ಐದೂ ಬದನೆಗಳು ಹೊಸ ಎಲೆ ಬಿಟ್ಟವು. ಎರಡು ತಿಂಗಳಿಗೆ ಕಾಯಿಯ ಭಾರಕ್ಕೆ ಕೊಂಬೆಗಳಿಗೆ ಕೋಲು ಕೊಡಬೇಕಾಯಿತು. ಹಣ್ಣಾದ ಕಾಯಿಗಳ ಬೀಜವನ್ನು ಮುನಿರತ್ನಮ್ಮ ನೆರಳಲ್ಲಿ ಒಣಗಿಸಿ, ಗೋಣಿಸೊಪ್ಪಿನ ಬೀಜ ಬೆರೆಸಿ, ಬೀದಿಯ ನಲವತ್ತು ಮನೆಗೂ ತಾವೇ ಹೋಗಿ ಹಂಚಿದರು. ಆ ದಿನ ಅವರ ನಡಿಗೆಯೇ ಬೇರೆ. ಮರುವರ್ಷ ನಲವತ್ತು ಹಿತ್ತಲಲ್ಲೂ ಬಿಳಿಗೆರೆಯ ಬದನೆ ತೂಗಿತು. ಮಾಪಕದ ಪಟ್ಟಿಗೆ ಕಳೆಗಿಡಗಳೆಂದು ಕಿತ್ತೆಸೆಯುತ್ತಿದ್ದ ಆರುನೂರು ಗಿಡಗಳು ಸೇರಿದವು. ಇಂಚರಾ ಅಂದಿನಿಂದ ಯಾರ ಮನೆಗೂ ಮುಂಚಿತವಾಗಿ ಹೇಳಿ ಹೋಗಲಿಲ್ಲ.

ಒಂದು ಕಡೆ ಮಾತ್ರ ಆ ಸಾಲು ಉಳಿದುಕೊಂಡಿತು. ಮುನಿರತ್ನಮ್ಮನ ಹಳೆಯ ಕರಿಬೇವಿನ ಬುಡದಲ್ಲಿ ಕಡ್ಡಿ ಇಳಿಸಿದರೆ ಈಗಲೂ ‘ಪರಿಚಯವಿಲ್ಲದ ಸ್ರಾವ’ ಎಂದೇ ಬರುತ್ತಿತ್ತು. ಯಾವ ಕಾಲದಲ್ಲೋ ಪಕ್ಕದಲ್ಲಿದ್ದ ಗಿಡವೊಂದರ ಗುರುತನ್ನು ಆ ಬೇರುಗಳು ಇನ್ನೂ ಉಳಿಸಿಕೊಂಡಿದ್ದವು. ಆರುನೂರರಲ್ಲಿ ಒಂದೂ ಅದಕ್ಕೆ ಹೊಂದಲಿಲ್ಲ. ಅಲ್ಲಿ ಮೊದಲು ಏನಿತ್ತು ಎಂದು ಇಂಚರಾ ಕೇಳಿದಾಗ ಮುನಿರತ್ನಮ್ಮ ಕೈಯಲ್ಲಿ ಎತ್ತರ ತೋರಿಸಿದರು.

“ನೀಲಿ ಹೂವಿಂದು, ಮೊಣಕಾಲೆತ್ತರ ಇತ್ತು. ಹೆಸರು ಯಾರ್ನೂ ಕೇಳ್ಲಿಲ್ಲ. ನಾನೇ ಕಿತ್ತಾಕ್ದೆ. ಎರಡು ಸಾವಿರದ ಇಪ್ಪತ್ತಾರನೇ ಇಸ್ವಿ.”

“ಯಾಕಮ್ಮ?”

“ಮನೆಗೆ ನೆಂಟರು ಬರೋರಿದ್ರು.”