ತಾಖಾತಳ ಕಾಡಿಗೆ ಕುಡಿಕೆ

ನೈಲ್ ನದಿಯ ಪಡುದಂಡೆಯಲ್ಲಿ ನಾನು ಕಲ್ಲಿನ ಕುಡಿಕೆ ಕೊರೆಯುವವನು. ಸತ್ತವರ ಜೊತೆ ಸಮಾಧಿಗೆ ಹೋಗುವ ಕಾಡಿಗೆ ಕುಡಿಕೆಯನ್ನು ನಾವು ಪೂರ್ತಿ ಕೊರೆಯುವುದಿಲ್ಲ. ಬಾಯಷ್ಟೇ ತೋಡಿ ಮುಚ್ಚಳ ಕೂರಿಸುತ್ತೇವೆ.

ಆದರೆ ತೀರಿಕೊಂಡ ಹುಡುಗಿ ತಾಖಾತಳ ತಾಯಿ ಬಾಕೆತ್ ಅಂಗಲಾಚಿದ್ದಳು. "ತಳದವರೆಗೂ ಕೊರಿಯಣ್ಣಾ. ಕಾಡಿಗೆ ಇಲ್ದೆ ನನ್ ಮಗಳು ಹೊಸಿಲು ದಾಟಿದೋಳಲ್ಲ."

"ಆಗ್ಲಿ ತಾಯಿ" ಅಂದೆ. ಬೆರಳಿನ ಒಂದು ಗೆಣ್ಣಿನಷ್ಟು ಮಾತ್ರ ಕೊರೆದು ಬಿಟ್ಟೆ.

ಜೊತೆಗಾರ ಹೊರಿ ನಕ್ಕ. "ಸತ್ತೋರೇನು ಕಡ್ಡಿ ಹಾಕಿ ಆಳ ನೋಡ್ತಾರೇನೋ?"

ಆಗ ದೇಹಕ್ಕೆ ಬಟ್ಟೆ ಸುತ್ತುತ್ತಿದ್ದರು. ಸಮಾಧಿಗೆ ಇನ್ನೂ ನಾಲ್ಕು ದಿನವಿತ್ತು.

ಮರುದಿನ ಮಧ್ಯಾಹ್ನ, ಕುಡಿಕೆ ಕೊರೆಯುವಾಗ ಕಲ್ಲಿಗೆ ಮರಳು ಉಜ್ಜುವ ಸದ್ದು ಕೇಳಿತು. ನನ್ನ ಬೈರಿಗೆ ಗೋಡೆಗೆ ಒರಗಿತ್ತು. ಹೊರಿ ಬಾಯಲ್ಲಿದ್ದ ರೊಟ್ಟಿ ನುಂಗದೆ ನನ್ನನ್ನೇ ನೋಡುತ್ತಿದ್ದ. ಬಿಸಿಲಲ್ಲಿದ್ದ ಕುಡಿಕೆ ಬಾವಿಯ ನೀರಿನಂತೆ ತಣ್ಣಗಿತ್ತು. ಅದರ ಬಾಯಿಯ ಸುತ್ತ ಬಿಳಿ ಪುಡಿ ಬಿದ್ದಿತ್ತು. ಕಾಡಿಗೆ ಕಡ್ಡಿ ಇಳಿಬಿಟ್ಟೆ, ಎರಡು ಗೆಣ್ಣು ಇಳಿಯಿತು. ಅದರ ಮರುದಿನ ಮೂರು.

"ಬೇಗ ಕೊಟ್ಬಿಡೋ ಅದನ್ನ" ಅಂದ ಹೊರಿ. ಈಗ ಅವನು ನಗುತ್ತಿರಲಿಲ್ಲ.

ನಾಲ್ಕನೆಯ ದಿನ ಬಾಕೆತ್ ಬಂದು ತಾನೇ ಕಡ್ಡಿ ಹಾಕಿ ನೋಡಿದಳು. "ದೇವರಂಥೋನಪ್ಪ ನೀನು, ಮಾತು ಉಳಿಸ್ಕೊಂಡೆ" ಅಂತ ಅತ್ತಳು.

ಕುಡಿಕೆಯ ಎತ್ತರ ನನ್ನ ನಡುಬೆರಳಿನಷ್ಟು. ಗೇಣುದ್ದದ ಆ ಕಡ್ಡಿ ಅವಳ ಉಗುರು ಕುಡಿಕೆಯ ಬಾಯಿಗೆ ತಾಗುವವರೆಗೆ ಇಳಿದಿತ್ತು. ಹೊರಗೆಳೆದಾಗ ತುದಿಯಲ್ಲಿ ಒದ್ದೆ ಕಾಡಿಗೆ, ಅದಕ್ಕಂಟಿದ ಒಂದು ರೆಪ್ಪೆಗೂದಲು.

ಆ ಕುಡಿಕೆಗೆ ಅದುವರೆಗೂ ಯಾರೂ ಕಾಡಿಗೆ ತುಂಬಿರಲಿಲ್ಲ.